ಯಾರು ಒಗೆದುಕೊಟ್ರು ಮೇಷ್ಟ್ರೆ?

ಸೂಲಿಬೆಲೆ ಹೋಬಳಿಯ ಹುಡುಗ. ಡಿಗ್ರಿ ಕೊನೇ ವರ್ಷ. ನಮ್ಮ ಕೇರಿಯವನೇ. ಹೆಸರು ಬೇಡ. ಅವನು ಓದುವ ಕಡೆಗೆ ಹೋದ ತಿಂಗಳು ಬೆಂಗಳೂರಿನಿಂದ ಒಬ್ಬ ಮಹಾಶಯರು ಬಂದು ಮೂರು ಗಂಟೆ ಕಾಲ ಭಾಷಣ ಬಿಗಿದು ಹೋದರಂತೆ. ವಿಷಯ: ನೌಕರಿಗೆ ಹೋಗುವವರು ಹೇಗೆ ಉಡಬೇಕು, ಹೇಗೆ ತೊಡಬೇಕು. ಬೆಲ್ಟಿನ ಬಣ್ಣಕ್ಕೂ ಬೂಟಿನ ಬಣ್ಣಕ್ಕೂ ಹೊಂದಿಕೆ ಇರಬೇಕು. ಟೈನ ತುದಿ ಬಕಲ್ ಮುಟ್ಟಬೇಕು. ಕಾಲುಚೀಲ ಬಿಳಿ ಇರಕೂಡದು. ನಿಮ್ಮನ್ನು ನೋಡಿದ ಕೂಡಲೆ ನಿಮ್ಮ ಯೋಗ್ಯತೆ ಎದುರಿನವರಿಗೆ ಗೊತ್ತಾಗಿಬಿಡುತ್ತದೆ. ಹೀಗೆ.

ನಮ್ಮ ಹುಡುಗ ಎದ್ದು ನಿಂತು ಕೇಳಿದ್ದಾನೆ: "ಸಾರ್, ಒಂದೇ ಪ್ಯಾಂಟು ಇರೋರು ಏನ್ಮಾಡ್ಬೇಕು?"

ಇಡೀ ಹಾಲು ನಕ್ಕಿತಂತೆ. ಮಹಾಶಯರೂ ನಕ್ಕರಂತೆ. "ಅಂಥವರು ಮೊದಲು ಮನಸ್ಸು ಬದಲಾಯಿಸಿಕೊಳ್ಳಬೇಕು" ಅಂದರಂತೆ.

ಸಾಯಂಕಾಲ ನನ್ನ ಹತ್ತಿರ ಬಂದ. ಕೂತ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಮೇಷ್ಟ್ರೆ, ಬರೋ ಸೋಮವಾರ ದೇವನಹಳ್ಳಿ ಕಡೆ ಒಂದು ಇಂಟರ್‌ವ್ಯೂ ಐತೆ. ಹೋಗ್ಲೋ ಬ್ಯಾಡ್ವೋ?" ಅಂದ.

ಈ ಬರಹ ಅವನಿಗೆ ನಾನು ಕೊಟ್ಟ ಉತ್ತರ. ನಕ್ಕವರಿಗೂ ಸೇರಿಸಿ ಕೊಟ್ಟಿದ್ದೇನೆ.

ಗೆಳೆಯರೇ, ಆ ಮಹಾಶಯರು ಏನೋ ಹೊಸ ವಿದ್ಯೆ ಹೇಳಿಕೊಟ್ಟೆವೆಂದು ತಿಳಿದಿರಬಹುದು. ಈ ದೇಶದಲ್ಲಿ ಅದಕ್ಕಿಂತ ಹಳೆಯ ವಿದ್ಯೆ ಇನ್ನೊಂದಿಲ್ಲ. ಯಾರು ಏನು ಉಡಬೇಕು ಎಂಬುದನ್ನು ಮನುಸ್ಮೃತಿಯ ಹತ್ತನೇ ಅಧ್ಯಾಯ ಆಗಲೇ ಬರೆದಿಟ್ಟಿದೆ. ಚಂಡಾಲರ ಬಟ್ಟೆ ಹೆಣದ ಮೇಲಿನ ಬಟ್ಟೆ. ಚಂಡಾಲರ ಒಡವೆ ಕಬ್ಬಿಣ. ಇದು ಪುಸ್ತಕದ ಬದನೇಕಾಯಿ ಅಂತ ಯಾರಾದರೂ ಹೇಳಿದರೆ ಅವರನ್ನು ಯಾವುದಾದರೂ ಹಳೇ ಊರಿನ ಸ್ಮಶಾನಕ್ಕೆ ಕರೆದುಕೊಂಡು ಹೋಗಿ. ಗುಂಡಿ ತೋಡಿದವನಿಗೆ ಹೆಣದ ಮೇಲಿನ ಬಟ್ಟೆ ಕೊಡುವುದು 'ಪದ್ಧತಿ' ಎಂದು ಹೇಳುವ ಮುದುಕರು ಇನ್ನೂ ಬದುಕಿದ್ದಾರೆ.

1930ರ ಡಿಸೆಂಬರಿನಲ್ಲಿ ತಮಿಳುನಾಡಿನ ರಾಮನಾಡು ಸೀಮೆಯಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರ ಮೇಲೆ ಎಂಟು ಕಟ್ಟಳೆ ಹೊರಡಿಸಿದರು. ಚಿನ್ನ ಬೆಳ್ಳಿ ತೊಡಕೂಡದು. ಗಂಡಸರ ಬಟ್ಟೆ ಮಂಡಿಯಿಂದ ಕೆಳಗೆ ಇಳಿಯಕೂಡದು, ಸೊಂಟದಿಂದ ಮೇಲೆ ಏರಕೂಡದು. ಕೋಟು, ಅಂಗಿ, ಬನಿಯನ್ ಕೂಡದು. ಕ್ರಾಪು ಬಿಡಕೂಡದು. ಹೆಂಗಸರು ಎದೆ ಮುಚ್ಚಕೂಡದು, ಹೂ ಮುಡಿಯಕೂಡದು. ಕೊಡೆ ಹಿಡಿಯಕೂಡದು, ಚಪ್ಪಲಿ ಮೆಟ್ಟಕೂಡದು. ಮೀರಿದವರ ಗುಡಿಸಲು ಸುಟ್ಟರು. ಆರು ತಿಂಗಳಲ್ಲಿ ಎಂಟು ಕಟ್ಟಳೆ ಹನ್ನೊಂದಾಯಿತು. ಅದಕ್ಕೂ ಮೊದಲು ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಮೈ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಬಡಿದಾಡಿ 1859ರಲ್ಲಿ ರಾಜನಿಂದ ಆಜ್ಞೆ ಪಡೆದರು. ರವಿಕೆ ತೊಡಲು ರಾಜಾಜ್ಞೆ! ಆ ಮಹಾಶಯರಿಗೆ ಇದೆಲ್ಲ ಗೊತ್ತಿದ್ದಿದ್ದರೆ ಟೈ ಕಟ್ಟುವಾಗ ಕೈ ಸ್ವಲ್ಪ ನಡುಗುತ್ತಿತ್ತೇನೋ.

ಅಷ್ಟು ದೂರ ಯಾಕೆ? ನಮ್ಮ ಕಡೆ ಇಂಥದನ್ನು ಯಾರೂ ಕಾಗದದಲ್ಲಿ ಬರೆಯಲಿಲ್ಲ. ಬರೆಯುವ ಅವಶ್ಯಕತೆ ಇರಲಿಲ್ಲ. ನಮ್ಮ ತಾತನ ಪಂಚೆ ಯಾವತ್ತೂ ಮಂಡಿ ದಾಟಿರಲಿಲ್ಲ. ಒಡೆಯರ ಬೀದಿಗೆ ಬಂದರೆ ಹೆಗಲ ಮೇಲಿನ ಟವೆಲು ಕಂಕುಳಿಗೆ ಇಳಿಯುತ್ತಿತ್ತು, ಕಾಲಿನ ಮೆಟ್ಟು ಕೈಗೆ ಏರುತ್ತಿತ್ತು. ನಮ್ಮವ್ವನ ಹೊಸಾ ಸೀರೆಯನ್ನು ಮಾರನೇ ದಿನವೇ ಬಗ್ಗಡದ ನೀರಿಗೆ ಅದ್ದಿ ಹಳೇದು ಮಾಡಿಕೊಂಡು ಕೂಲಿಗೆ ಹೋಗುತ್ತಿದ್ದಳು. ಹೊಸದು ಕಂಡರೆ 'ಏನ್ ಬಂತಮ್ಮಿ ನಿಂಗೆ' ಅನ್ನುವ ಮಾತು ಕೇಳಬೇಕಲ್ಲ. ಮಡಿವಾಳರು ಊರಿನ ಬಟ್ಟೆ ಒಗೆಯುತ್ತಿದ್ದರು, ನಮ್ಮದನ್ನು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಊರು ಅವರಿಗೆ ಕಾಳು ಕೊಡುವುದಿಲ್ಲ. ಅವರನ್ನು ಬೈದು ಏನು ಪ್ರಯೋಜನ? ಅವರ ಹೊಟ್ಟೆಗೂ ಅದೇ ಹಗ್ಗ.

ನನ್ನ ಮೊದಲ ಪೋಸ್ಟಿಂಗು. ಊರು ಯಾವುದೆಂದು ಹೇಳುವುದಿಲ್ಲ. ಹಿಂದಿನ ರಾತ್ರಿ ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ ನಮ್ಮವ್ವ ಅಂಗಿ ತೀಡಿಕೊಟ್ಟಿದ್ದಳು. ಗಂಜಿ ಹಾಕೋಣವೆಂದರೆ ಅನ್ನ ಮಾಡುವ ಮನೆಯಾಗಿರಬೇಕಲ್ಲ, ನಮ್ಮದು ಮುದ್ದೆಯ ಮನೆ. ಪಕ್ಕದ ಬೀದಿಯ ಹೋಟೆಲಿನಿಂದ ಗಂಜಿ ತಿಳಿ ಕೇಳಿ ತಂದಿದ್ದಳು. ಗರಿಗರಿ ಬಿಳಿ ಅಂಗಿ. ಶಾಲೆಯ ಜಗುಲಿ ಮೇಲೆ ಕೂತಿದ್ದ ಊರಿನ ದೊಡ್ಡವರೊಬ್ಬರು ಮೇಲಿಂದ ಕೆಳಗೆ ನೋಡಿದರು. ಹೆಸರು ಕೇಳಲಿಲ್ಲ. ಏನು ಓದಿದ್ದೀರಿ ಅಂತ ಕೇಳಲಿಲ್ಲ. ಕೇಳಿದ್ದು ಇಷ್ಟೇ:

"ಚೆಂದಾಗೈತೆ ಅಂಗಿ. ಯಾರು ಒಗೆದುಕೊಟ್ರು ಮೇಷ್ಟ್ರೆ?"

ನನ್ನ ಜಾತಿ ತಿಳಿಯುವುದಕ್ಕೆ ಅದು ಅವರು ಹಾಕಿದ ಗಾಳ. ಮಡಿವಾಳರು ಅಂದರೆ ಒಂದು ಜಾತಿ, ನಾವೇ ಅಂದರೆ ಇನ್ನೊಂದು ಜಾತಿ. "ನಮ್ಮವ್ವ ಒಗೆದ್ಲು" ಅಂದೆ. ಮಧ್ಯಾಹ್ನದ ಹೊತ್ತಿಗೆ ನೀರಿನ ಲೋಟ ಬೇರೆ ಆಗಿತ್ತು.

ಆ ಕಾಲ ಹೋಯಿತು ಬಿಡಿ ಮೇಷ್ಟ್ರೆ, ಈಗೆಲ್ಲ ಜೀನ್ಸ್ ಪ್ಯಾಂಟಿನ ಕಾಲ ಅನ್ನುವ ಸಜ್ಜನರಿಗೆ ಒಂದು ಕಾನೂನು ತೋರಿಸುತ್ತೇನೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದು. ಅದಕ್ಕೆ 2015ರಲ್ಲಿ ತಿದ್ದುಪಡಿ ತಂದರು. 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ ಮೂರನೇ ಕಲಂನಲ್ಲಿ ಹೊಸದಾಗಿ ಸೇರಿದ ಅಪರಾಧಗಳ ಪೈಕಿ ಇದೂ ಒಂದು: ದಲಿತರು ಸಾರ್ವಜನಿಕ ಜಾಗದಲ್ಲಿ ಚಪ್ಪಲಿ ಮೆಟ್ಟುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆಯುವುದು. ಹೊಸ ಬಟ್ಟೆ! ಮಂಗಳ ಗ್ರಹಕ್ಕೆ ನೌಕೆ ಮುಟ್ಟಿಸಿದ ದೇಶದ ಪಾರ್ಲಿಮೆಂಟು ಅದರ ಮರುವರ್ಷ ಕೂತು 'ಹೊಸ ಬಟ್ಟೆ' ಎಂಬ ಮಾತನ್ನು ಕಾನೂನಿಗೆ ಸೇರಿಸಬೇಕಾಯಿತು. ಸುಮ್ಮನೆ ಸೇರಿಸಲಿಲ್ಲ. ಸೇರಿಸಿದ ಮೇಲೂ ನಿಲ್ಲಲಿಲ್ಲ. 2023ರ ಮೇ ಕೊನೆಯಲ್ಲಿ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ಮೋಟಾ ಗ್ರಾಮದಲ್ಲಿ ದಲಿತ ಯುವಕನೊಬ್ಬನನ್ನು ಬಡಿದರು. ಅವನ ತಪ್ಪು: ಒಳ್ಳೇ ಬಟ್ಟೆ ಹಾಕಿ ತಂಪು ಕನ್ನಡಕ ಇಟ್ಟುಕೊಂಡಿದ್ದು.

ಈಗ ಬಾಬಾಸಾಹೇಬರ ಕೋಟಿನ ಮಾತಿಗೆ ಬರೋಣ.

1901. ಬಾಲಕ ಭೀಮರಾವ್, ಅಣ್ಣ, ಅಕ್ಕನ ಮಕ್ಕಳು ತಂದೆ ಕೆಲಸ ಮಾಡುತ್ತಿದ್ದ ಗೋರೆಗಾಂವಿಗೆ ರೈಲಿನಲ್ಲಿ ಹೊರಟರು. ಆ ಪ್ರಯಾಣಕ್ಕೆಂದೇ ಹೊಸ ಅಂಗಿ, ಝಗಝಗಿಸುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರು ಬಟ್ಟೆ ನೋಡಿ ಬ್ರಾಹ್ಮಣರ ಮಕ್ಕಳೆಂದು ತಿಳಿದು ಪ್ರೀತಿಯಿಂದ ವಿಚಾರಿಸಿದ. ಮಹಾರರು ಎಂದು ಬಾಯಿ ಬಿಟ್ಟ ಗಳಿಗೆಯಲ್ಲಿ ಅವನ ಮುಖ ಬದಲಾಯಿತು, ಹಿಂದಕ್ಕೆ ಸರಿದ. ಗಾಡಿಯವರು ಯಾರೂ ಬರಲೊಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳು ತಾವೇ ಗಾಡಿ ಹೊಡೆದುಕೊಂಡು ಹೋಗಬೇಕಾಯಿತು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಮುಂದೆ ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದು ಬರೋಡಾದಲ್ಲಿ ಅಧಿಕಾರಿಯಾಗಿ ಕೂತಾಗ ಜವಾನರು ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಕೋಟು ಮೈ ಮೇಲೇ ಇತ್ತು.

ಒಳ್ಳೇ ಬಟ್ಟೆ ತೊಟ್ಟರೆ ಮರ್ಯಾದೆ ತಾನಾಗಿ ಬರುತ್ತದೆ ಎನ್ನುವ ಪಾಠ ಸುಳ್ಳೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ತೊಟ್ಟರು. ಸಾಯುವ ತನಕ ತೊಟ್ಟರು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಆ ಸಮ್ಮೇಳನದಲ್ಲೇ ಹೆಂಗಸರನ್ನು ಕೂರಿಸಿಕೊಂಡು ಹೇಳಿದರು: ಸೀರೆಯನ್ನು ಮೇಲುಜಾತಿ ಹೆಂಗಸರ ಹಾಗೆ ಉಡಿ, ಜಾತಿಯ ಗುರುತು ಹೇಳುವ ಒಡವೆ ಕಿತ್ತುಹಾಕಿ, ತೇಪೆ ಇದ್ದರೂ ಚಿಂತೆಯಿಲ್ಲ, ಬಟ್ಟೆ ಶುಭ್ರವಾಗಿರಲಿ. ಒಂದು ಕಡೆ ಗ್ರಂಥ ಸುಡುವುದು, ಇನ್ನೊಂದು ಕಡೆ ಸೀರೆ ಮಡಿಕೆ ಸರಿ ಮಾಡುವುದು. ಅವರಿಗೆ ಎರಡೂ ಒಂದೇ ಕೆಲಸ.

ಅದಕ್ಕೆ ಆರು ವರ್ಷ ಮೊದಲು, 1921ರ ಸೆಪ್ಟೆಂಬರಿನಲ್ಲಿ, ಮಧುರೆಯಲ್ಲಿ ಗಾಂಧೀಜಿ ಅಂಗಿ ಕಳಚಿ ತುಂಡು ಪಂಚೆಗೆ ಇಳಿದಿದ್ದರು. ಬಡವರ ಮೇಲಿನ ಮರುಕ ನಿಜವೇ ಇರಬಹುದು, ನಾನು ಅನುಮಾನಿಸುವುದಿಲ್ಲ. 1931ರಲ್ಲಿ ಅದೇ ಬಟ್ಟೆಯಲ್ಲಿ ಲಂಡನ್ನಿನ ಅರಮನೆಗೆ ಹೋದರು, ಜಗತ್ತು ಕೈ ಮುಗಿಯಿತು. ಆದರೆ ಲೆಕ್ಕ ನೋಡಿ. ಇದ್ದವನು ಕಳಚಿದರೆ ತ್ಯಾಗ. ಇಲ್ಲದವನು ತೊಟ್ಟರೆ ಕೊಬ್ಬು. ಅದೇ ದುಂಡುಮೇಜಿನ ಸಭೆಯಲ್ಲಿ ಸೂಟು ತೊಟ್ಟು ಕೂತ ಅಂಬೇಡ್ಕರರನ್ನು ಬ್ರಿಟಿಷರ ಬಾಲ ಅಂದರು. ನಮ್ಮ ತಾತ ಮಧುರೆಯ ಆ ಬಟ್ಟೆಯನ್ನು ಹುಟ್ಟಿದಾಗಿನಿಂದ ಉಟ್ಟಿದ್ದ. ಅವನನ್ನು ಯಾರೂ ಮಹಾತ್ಮ ಅನ್ನಲಿಲ್ಲ.

ಇಲ್ಲಿ ನಮ್ಮ ಚಳವಳಿಯ ಗೆಳೆಯರ ಮೇಲೂ ಒಂದು ದೂರಿದೆ. ಜುಬ್ಬಾ, ಹೆಗಲಿಗೊಂದು ಜೋಳಿಗೆ, ಕೆದರಿದ ಗಡ್ಡ. ಒಂದು ಕಾಲದಲ್ಲಿ ನಾವೆಲ್ಲ ಹಾಗೆ ತಿರುಗಿದವರೇ. ಇಸ್ತ್ರಿ ಅಂಗಿ ಹಾಕಿ ಆಫೀಸಿಗೆ ಹೋಗುವ ನಮ್ಮವನನ್ನು ಕಂಡರೆ 'ದಲಿತ ಬ್ರಾಹ್ಮಣ' ಎಂದು ಆಡಿಕೊಂಡೆವು. ಮೇಲುಜಾತಿಯ ಕಾಮ್ರೇಡು ಹರಕು ಜುಬ್ಬಾ ಹಾಕಿದರೆ ಅದು ಕ್ರಾಂತಿ. ಸರಿ, ಅವನಿಗೆ ಮನೆಯಲ್ಲಿ ಬೀರು ಇದೆ. ನಮ್ಮ ಹುಡುಗ ಯಾಕೆ ಹರಕು ಹಾಕಬೇಕು? ಅದನ್ನು ಅವನು ಹುಟ್ಟಿದಾಗಿನಿಂದ ಹಾಕಿಲ್ಲವೇ? ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿ ಕೂರುವ ನಮ್ಮ ಹೆಣ್ಣುಮಗಳು ಮಡಿಕೆ ಮುರಿಯದ ಹತ್ತಿ ಸೀರೆ ಉಟ್ಟು, ಹೂ ಮುಡಿದು, ವಾಚು ಕಟ್ಟಿಕೊಂಡು ಬಂದರೆ ಅದನ್ನು ಶೋಕಿ ಅನ್ನಬೇಡಿ. ರಾಮನಾಡಿನ ಎಂಟು ಕಟ್ಟಳೆಗಳಲ್ಲಿ ಮೂರು ಅವಳು ಬಸ್ಸು ಹತ್ತುವ ಮೊದಲೇ ಮುರಿದಿದ್ದಾಳೆ.

ಹಾಗಂತ ಮಹಾಶಯರ ಪಾಠಕ್ಕೆ ಜೈ ಅನ್ನುತ್ತೇನೆಯೇ? ಇಲ್ಲ. ಬಾಗಿಲಲ್ಲಿ ನಿಂತವನ ಕತೆ ಹೇಳಬೇಕು.

2024ರ ಫೆಬ್ರವರಿ. ಬೆಂಗಳೂರಿನ ರಾಜಾಜಿನಗರ ಮೆಟ್ರೊ ಸ್ಟೇಷನ್ನು. ತಲೆ ಮೇಲೆ ಬಟ್ಟೆ ಗಂಟು ಹೊತ್ತ ರೈತನೊಬ್ಬ. ಕೈಯಲ್ಲಿ ಟಿಕೀಟಿದೆ. ಬಟ್ಟೆ ಕೊಳಕು ಎಂದು ಒಳಗೆ ಬಿಡಲಿಲ್ಲ. ಸಹಪ್ರಯಾಣಿಕರು ಜಗಳ ತೆಗೆದ ಮೇಲೆ ಬಿಟ್ಟರು. ಅದೇ ವರ್ಷ ಜುಲೈ 16. ಮಾಗಡಿ ರಸ್ತೆಯ ಜಿ.ಟಿ. ಮಾಲ್. ಹಾವೇರಿ ಕಡೆಯ ವಯಸ್ಸಾದ ರೈತ, ಬಿಳಿ ಅಂಗಿ, ಬಿಳಿ ಪಂಚೆ, ತಲೆಗೆ ರುಮಾಲು. ಬೆಂಗಳೂರಿನಲ್ಲಿ ಓದುವ ಮಗ ಅಪ್ಪನಿಗೆ ಸಿನಿಮಾ ತೋರಿಸಲು ಕರೆತಂದಿದ್ದ. ಪಂಚೆ ಉಟ್ಟವರಿಗೆ ಪ್ರವೇಶವಿಲ್ಲ, ಪ್ಯಾಂಟು ಹಾಕಿಕೊಂಡು ಬನ್ನಿ ಅಂದರು. ಗಲಾಟೆಯಾಯಿತು. ಮಾಲಿನವರು ಶಾಲು ಹೊದಿಸಿ ಕ್ಷಮೆ ಕೇಳಿದರು. ಏಳು ದಿನ ಬೀಗ ಎಂದು ಸರ್ಕಾರ ವಿಧಾನಸಭೆಯಲ್ಲಿ ಹೇಳಿತು.

ಆ ರೈತರ ಜಾತಿ ನನಗೆ ಬೇಕಾಗಿಲ್ಲ. ಬಾಗಿಲ ಬುದ್ಧಿ ಮಾತ್ರ ಚೆನ್ನಾಗಿ ಗೊತ್ತು. ಊರ ಬಾಗಿಲಲ್ಲಿ ಕೂತಿದ್ದ ಬುದ್ಧಿಯೇ ಗಾಜಿನ ಬಾಗಿಲಿಗೆ ಬಂದು ಕೂತಿದೆ. ಆವತ್ತು 'ಪ್ಯಾಂಟು ಹಾಕ್ಕೊಂಡು ಯಾಕೋ ಬಂದೆ' ಅಂತಿತ್ತು. ಈವತ್ತು 'ಪ್ಯಾಂಟು ಹಾಕ್ಕೊಳ್ದೆ ಯಾಕೆ ಬಂದೆ' ಅಂತದೆ.

ಇನ್ನೊಂದು ಸಂಗತಿ ಬಹಳ ಜನ ಬರೆಯಲಿಲ್ಲ. ಇಂಥ ಬಾಗಿಲುಗಳಲ್ಲಿ ನಿಂತು ತಡೆಯುವವನು ಯಾರು? ಕಂಟ್ರಾಕ್ಟು ಕಂಪನಿಯ ಯೂನಿಫಾರಂ ಹುಡುಗ. ಹೆಗಲಿಗೆ ದಾರದ ಬಿರುದು, ಕತ್ತಿಗೆ ಟೈ. ಹನ್ನೆರಡು ಗಂಟೆ ನಿಲ್ಲುವ ಕೆಲಸ. ಅವನ ಅಪ್ಪನೂ ಯಾವುದೋ ಊರಿನಲ್ಲಿ ಪಂಚೆ ಉಟ್ಟುಕೊಂಡೇ ಇರುತ್ತಾನೆ. ಮೆಟ್ರೊದಲ್ಲಿ ಮೇಲ್ವಿಚಾರಕನೊಬ್ಬನನ್ನು ಕೆಲಸದಿಂದ ತೆಗೆದರು. ಅವನು ಮಾಡಿದ್ದು ತಪ್ಪೇ. ಆದರೆ ಕೊಳಕು ಯಾವುದು, ಯೋಗ್ಯ ಯಾವುದು ಎಂದು ಅವನ ತಲೆಗೆ ತುಂಬಿದವರನ್ನು ಯಾರು ತೆಗೆದರು? ಅವರು ಇನ್ನೂ ಕಾಲೇಜು ಕಾಲೇಜಿಗೆ ಹೋಗಿ ಮೂರು ಮೂರು ಗಂಟೆ ಭಾಷಣ ಮಾಡುತ್ತಿದ್ದಾರೆ.

2014ರ ಜುಲೈನಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದರಲ್ಲಿ ವೇಷ್ಟಿ ಉಟ್ಟ ಹೈಕೋರ್ಟು ನ್ಯಾಯಮೂರ್ತಿಯನ್ನು ಬಾಗಿಲಲ್ಲೇ ತಡೆದರು. ಮುಂದಿನ ತಿಂಗಳೇ ತಮಿಳುನಾಡು ಸರ್ಕಾರ ಅದರ ವಿರುದ್ಧ ಕಾಯ್ದೆ ಮಾಡಿತು. ತಡೆಸಿಕೊಂಡವರು ನ್ಯಾಯಮೂರ್ತಿ ಆಗಿದ್ದಕ್ಕೆ ಅಷ್ಟು ಬೇಗ ಆಯಿತೇನೋ, ಇರಲಿ, ಆಯಿತಲ್ಲ. ಏಳು ದಿನದ ಬೀಗ ಎಂಟನೇ ದಿನಕ್ಕೆ ತೆರೆಯುತ್ತದೆ. ಉಡುಪಿನ ನಿಯಮ ಬಂಡೆ ಮೇಲೆ ಕೊರೆದದ್ದೇನೂ ಅಲ್ಲ. ವಕೀಲರ ಕರಿ ಕೋಟನ್ನೇ ನೋಡಿ, ಸುಪ್ರೀಂ ಕೋರ್ಟು ಹೈಕೋರ್ಟು ಬಿಟ್ಟು ಉಳಿದ ಕಡೆ ಬೇಸಿಗೆಯಲ್ಲಿ ಅದು ಕಡ್ಡಾಯವಿಲ್ಲವೆಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಸೆಕೆಗೆ ನಿಯಮ ಬಗ್ಗುತ್ತದೆ. ಬಡತನಕ್ಕೆ ಯಾಕೆ ಬಗ್ಗುವುದಿಲ್ಲ?

ಇನ್ನು ಬಟ್ಟೆ ಮಾಡುವವರ ಮಾತು. ಸೂಲಿಬೆಲೆ ಸುತ್ತ ರೇಷ್ಮೆ ಸೀಮೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿ ಹೆಂಗಸರು ಬೆಳಗಿನ ಜಾವಕ್ಕೇ ತೋಟದಲ್ಲಿರುತ್ತಾರೆ. ಹುಳು ಹಣ್ಣಾದ ದಿನ ರಾತ್ರಿಯೆಲ್ಲ ಕೂತು ಚಂದ್ರಿಕೆಗೆ ಬಿಡುತ್ತಾರೆ. ಗೂಡು ವಿಜಯಪುರಕ್ಕೋ ಶಿಡ್ಲಘಟ್ಟಕ್ಕೋ ಹೋಗುತ್ತದೆ. ಅಲ್ಲಿ ಕುದಿನೀರಿನಲ್ಲಿ ಕೈ ಅದ್ದಿ ನೂಲು ಬಿಚ್ಚುವವರ ಬೆರಳು ನೋಡಿ, ತುದಿ ಬೆಂದು ಬೆಳ್ಳಗಾಗಿರುತ್ತದೆ. ಆ ನೂಲು ಸೀರೆಯಾಗುತ್ತದೆ, ಟೈ ಆಗುತ್ತದೆ. ಮಹಾಶಯರ ಟೈ ಬಕಲ್ ಮುಟ್ಟುವ ಮೊದಲು ಎಷ್ಟು ಕೈ ಮುಟ್ಟಿದೆಯೋ! ಗಾರ್ಮೆಂಟ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ದಿನಕ್ಕೆ ನೂರಾರು ಕಾಲರು ಹೊಲಿಯುತ್ತಾರೆ. ಅದೇ ಅಂಗಿ ಗಾಜಿನ ಅಂಗಡಿಯಲ್ಲಿ 'ಆಫೀಸು ಉಡುಪು' ಎಂದು ತೂಗಾಡಿದಾಗ ಬೆಲೆಚೀಟಿ ನೋಡಿ ಅವರೇ ಹಿಂದಕ್ಕೆ ಬರುತ್ತಾರೆ. 2016ರ ಏಪ್ರಿಲಿನಲ್ಲಿ ಪಿ.ಎಫ್. ಹಣಕ್ಕೆ ಕೈ ಹಾಕಿದಾಗ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗೆ ಇಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂದೆ ಸರಿಯುವಂತೆ ಮಾಡಿದರು. ಮೈ ಮೇಲೆ ಇದ್ದದ್ದು ದಿನದ ಸೀರೆ, ದಿನದ ಚೂಡಿದಾರ.

ಕೆಲಸಕ್ಕೆ ತಕ್ಕ ಉಡುಪು ಅನ್ನುತ್ತೀರಲ್ಲ, ಆ ಮಾತು ಎಲ್ಲಕ್ಕಿಂತ ಮೊದಲು ಸಲ್ಲಬೇಕಾದವನು ಯಾರು? ಮ್ಯಾನ್‌ಹೋಲಿಗೆ ಇಳಿಯುವವನು. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ನಿಯಮಗಳಲ್ಲಿ ಗುಂಡಿಗೆ ಇಳಿಯುವವನಿಗೆ ಕೊಡಬೇಕಾದ ರಕ್ಷಣಾ ಉಡುಪು, ಸಲಕರಣೆಗಳ ಉದ್ದನೆ ಪಟ್ಟಿಯೇ ಇದೆ. ಪಟ್ಟಿ ಕಚೇರಿಯಲ್ಲಿರುತ್ತದೆ, ಮನುಷ್ಯ ಚಡ್ಡಿಯಲ್ಲಿ ಗುಂಡಿಯೊಳಗಿರುತ್ತಾನೆ. ಸತ್ತರೆ ಕನಿಷ್ಠ 30 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿತು. ಸತ್ತ ಮೇಲಿನ ಲೆಕ್ಕ ಅದು. ಬದುಕಿದ್ದಾಗ ತೊಡಿಸಬೇಕಾದ ಬೂಟಿನ ಬಣ್ಣ ಬೆಲ್ಟಿಗೆ ಹೊಂದುತ್ತದೆಯೇ ಎಂದು ಯಾವ ಮಹಾಶಯರೂ ಭಾಷಣ ಮಾಡಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಮನೆಯಿಂದ ಎಬ್ಬಿಸುವುದರ ವಿರುದ್ಧ ಪುರಸಭೆ ಕಚೇರಿಯ ಮುಂದೆ ಮೈಗೆ ಮಲ ಸುರಿದುಕೊಂಡರು. ಅರ್ಜಿ ಹಿಡಿದು, ಶುಭ್ರವಾಗಿ ಬಂದಾಗ ಕಚೇರಿ ಅವರನ್ನು ನೋಡಿರಲಿಲ್ಲ. ಕಚೇರಿ ಕಣ್ಣು ಬಿಡುವಂತೆ ಉಡಲು ಅವರಿಗೆ ಉಳಿದದ್ದು ಅದೊಂದೇ.

ನಮ್ಮ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಹೋಗು. ಆ ಒಂದು ಪ್ಯಾಂಟನ್ನೇ ಒಗೆದು, ಭಾನುವಾರ ರಾತ್ರಿ ಇಸ್ತ್ರಿ ಹಾಕಿಸಿ, ತೊಟ್ಟು ಹೋಗು. ಇಸ್ತ್ರಿ ಅಂಗಡಿಯಲ್ಲಿ ಯಾರ ಬಟ್ಟೆ ಅಂತ ಈಗ ಕೇಳುವುದಿಲ್ಲ, ಅದು ಸುಮ್ಮನೆ ಬಂದ ಕಾಲವಲ್ಲ. ಮೀಟರ್ ಬಡ್ಡಿಗೆ ಸಾಲ ತೆಗೆದು ಬ್ಲೇಜರ್ ಹೊಲಿಸಬೇಡ. ಟೈ ಬೇಕೇ ಬೇಕು ಅನ್ನುವ ಕಂಪನಿ ಟೈ ಕೊಡಲಿ, ಯೂನಿಫಾರಂ ಕೊಡುವುದಿಲ್ಲವೇ ಹಾಗೆ. ಯಾರಾದರೂ ಬಟ್ಟೆ ನೋಡಿ ಊರು ಕೇಳಿದರೆ, ಊರು ಕೇಳಿ ಬೀದಿ ಕೇಳಿದರೆ, ಬೀದಿ ಹೇಳು. ಮಸೂರ್ ಸ್ಟೇಷನ್ನಿನಲ್ಲಿ ಆ ಮಕ್ಕಳು ಹೇಳಲಿಲ್ಲವೇ. ಕೆಲಸ ಸಿಕ್ಕಿ ಮುಂದೆ ನೀನೇ ಮೇಜಿನ ಆ ಕಡೆ ಕೂತಾಗ, ಎದುರಿಗೆ ಒಂದೇ ಪ್ಯಾಂಟಿನವನು ಬಂದು ನಿಂತರೆ ಅವನ ಕಾಲುಚೀಲದ ಬಣ್ಣ ನೋಡಿದೆಯೋ, ನನ್ನ ಮನೆ ಮೆಟ್ಟಿಲು ಹತ್ತಬೇಡ.

ಕಾಲೇಜಿನವರಿಗೂ ಒಂದು ಕಾಗದ ಬರೆದಿದ್ದೇನೆ. ಇನ್ನೊಮ್ಮೆ ಇಂಥ ಭಾಷಣ ಇಡುವುದಾದರೆ ಆ ಖರ್ಚಿನಲ್ಲಿ ಹಾಸ್ಟೆಲಿಗೆ ಎರಡು ಇಸ್ತ್ರಿಪೆಟ್ಟಿಗೆ, ಸಂದರ್ಶನಕ್ಕೆ ಹೋಗುವವರು ಹಾಕಿಕೊಂಡು ಹೋಗಿ ತಂದಿಡುವಂತೆ ಹತ್ತು ಜೊತೆ ಬಟ್ಟೆ ತರಿಸಿ ಅಂತ. ಉತ್ತರ ಇನ್ನೂ ಬಂದಿಲ್ಲ.

ಹುಡುಗ ಎದ್ದು ಹೊರಟವನು ಬಾಗಿಲಲ್ಲಿ ನಿಂತು ಕೇಳಿದ: "ಮೇಷ್ಟ್ರೆ, ನಿಮ್ ಬೂಟು ನಂಗೆ ಆಯ್ತದಾ?"

ಹಾಕಿ ನೋಡಿದೆವು. ಒಂದು ಬೆರಳು ದೊಡ್ಡದು. ಮುಂದಕ್ಕೆ ವಸಿ ಹತ್ತಿ ತುರುಕಿದೆವು.